ಬಿಸಿಲಿಗಿಡಬಾರದ ಪೆರಾಕ್ಸೈಡ್, ಬಿಸಿಲಲ್ಲೇ ಹುಟ್ಟಿದರೆ

ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಬ್ಲೀಚಿಂಗ್ ನೋಡಿಕೊಳ್ಳುತ್ತಿದ್ದಷ್ಟು ಕಾಲ ಹೈಡ್ರೋಜನ್ ಪೆರಾಕ್ಸೈಡ್ ಕ್ಯಾನನ್ನು ನಾನು ಒಂದು ದಿನವೂ ಬಿಸಿಲಿಗೆ ಬಿಟ್ಟವನಲ್ಲ. ಬೆಳಕು, ಕಾವು ತಾಗಿದರೆ ಅದು ನೀರು, ಆಮ್ಲಜನಕವಾಗಿ ಒಡೆದುಹೋಗುತ್ತದೆ. ಕ್ಯಾನಿನ ಮುಚ್ಚಳದಲ್ಲಿ ಗಾಳಿ ಹೋಗಲು ದಾರಿ ಬಿಟ್ಟಿರುವುದೂ ಅದಕ್ಕೇ. ಈಗ ಸಮುದ್ರದ ನೀರು, ಬಿಸಿಲು, ಗಿಡದಿಂದ ತೆಗೆದ ಪುಡಿ ಇಟ್ಟುಕೊಂಡು ಅದನ್ನೇ ಮಾಡಲು ಸಂಶೋಧಕರು ಹೊರಟಿದ್ದಾರೆ. ಬಿಸಿಲಲ್ಲಿ ಒಡೆಯುವುದನ್ನು ಬಿಸಿಲಲ್ಲೇ ಮಾಡಲು ಆಗುತ್ತದೆಯೇ?

ಆಗುತ್ತದೆ. ಪೆರಾಕ್ಸೈಡನ್ನು ಒಡೆಯುವುದು ಮುಖ್ಯವಾಗಿ ನೇರಳಾತೀತ ಕಿರಣ. ಗಿಡದ ಈ ಕಂದು ಪುಡಿಗೆ ಕಣ್ಣಿಗೆ ಕಾಣುವ ಬೆಳಕೇ ಸಾಕು. ಬೆಳಕು ಹೀರಿದ ಪುಡಿ ತನ್ನ ಎಲೆಕ್ಟ್ರಾನನ್ನು ನೀರಲ್ಲಿ ಕರಗಿದ ಆಮ್ಲಜನಕಕ್ಕೆ ಕೊಡುತ್ತದೆ. ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಸೇರಿದರೆ ಪೆರಾಕ್ಸೈಡ್ ತಯಾರು. ಇವತ್ತು ಕಾರ್ಖಾನೆಗಳಲ್ಲಿ ಇದಕ್ಕೆ ಹೈಡ್ರೋಜನ್ ಅನಿಲ, ಪಲ್ಲಾಡಿಯಂ ಲೋಹ, ಆಂಥ್ರಕ್ವಿನೋನ್ ಎಲ್ಲ ಬೇಕು.

ಆದರೆ ಪುಡಿ ತಾನು ಕೊಟ್ಟ ಎಲೆಕ್ಟ್ರಾನನ್ನು ನೀರಿನಿಂದ ವಾಪಸ್ ಪಡೆಯಬೇಕಲ್ಲ, ಕಷ್ಟ ಅಲ್ಲಿದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಉಪ್ಪಿನ ಕ್ಲೋರೈಡ್ ನೀರಿಗಿಂತ ಮೊದಲೇ ಎಲೆಕ್ಟ್ರಾನ್ ಕೊಟ್ಟು ಬ್ಲೀಚಿಂಗ್ ಪೌಡರಿನ ಜಾತಿಯ ಹೈಪೋಕ್ಲೋರೈಟ್ ಆಗಿಬಿಡಬಹುದು. ಹೈಪೋಕ್ಲೋರೈಟೂ ಪೆರಾಕ್ಸೈಡೂ ಒಂದೇ ಕಡೆ ಬಾಳುವುದಿಲ್ಲ. ಬಟ್ಟೆಯಲ್ಲಿ ಉಳಿದ ಕ್ಲೋರಿನ್ ತೆಗೆಯಲು ಪೆರಾಕ್ಸೈಡ್ ಹಾಕುವುದು ನಮ್ಮ ಕಸುಬಿನಲ್ಲಿ ಹಳೇ ರೂಢಿ.

ಜಪಾನಿನ ರಸಾಯನ ವಿಜ್ಞಾನಿ ಫುಕುಝುಮಿ ಅವರ ತಂಡ 2016ರಲ್ಲಿ ಇದಕ್ಕೊಂದು ಚೆಂದದ ದಾರಿ ತೋರಿಸಿತು. ಎರಡು ಕೋಣೆ, ನಡುವೆ ಒಂದು ಪೊರೆ. ಕ್ಲೋರೈಡಿನ ಗದ್ದಲ ಒಂದು ಕಡೆ, ಪೆರಾಕ್ಸೈಡ್ ಇನ್ನೊಂದು ಕಡೆ. ಆಮ್ಲಜನಕ ಪೆರಾಕ್ಸೈಡ್ ಆಗುವ ಕಡೆ ಇದ್ದದ್ದು ಕೋಬಾಲ್ಟ್ ಕೂರಿಸಿದ ಕ್ಲೋರಿನ್ ಉಂಗುರ. ಇದು ಕ್ಲೋರಿನ್ ಅನಿಲ ಅಲ್ಲ, ಎಲೆಯ ಪತ್ರಹರಿತ್ತಿನಲ್ಲಿರುವಂಥ ಅಣು. 24 ಗಂಟೆಯಲ್ಲಿ ಲೀಟರಿಗೆ ಸುಮಾರು ಒಂದೂವರೆ ಗ್ರಾಂ ಪೆರಾಕ್ಸೈಡ್ ಬಂತು, ಶುದ್ಧ ನೀರಿಗಿಂತ ಎಷ್ಟೋ ಜಾಸ್ತಿ.

ಪೊರೆ ಇಲ್ಲದೆ, ಒಂದೇ ಪಾತ್ರೆಯಲ್ಲಿ, ಮರದ ನಾರನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್‌ನ ಪುಡಿಯಿಂದ ಮಾಡಿದರೆ? ನನಗೆ ಆಸೆ ಇರುವುದು ಇದರ ಮೇಲೆ. ಲಿಗ್ನಿನ್‌ಗೆ ನಮ್ಮಲ್ಲಿ ಬರವಿಲ್ಲ. ಹರಿಹರದಿಂದ ಹೊಳೆ ದಾಟಿದರೆ ಕುಮಾರಪಟ್ಟಣ. ಅಲ್ಲಿ ಮರದ ತಿರುಳು ತೆಗೆಯುವಾಗ ಅದು ಕಪ್ಪು ದ್ರಾವಣದಲ್ಲಿ ಹೊರಬರುತ್ತದೆ. ಇನ್ನು ಚನ್ನಗಿರಿಯ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕಂದು ನೀರು, ಇದ್ದೇ ಇದೆ.

ಚೊಗರು ಅಂದಾಗಲೇ ಒಂದು ಎಚ್ಚರ ಹೇಳಬೇಕು. ಅದರ ಟ್ಯಾನಿನ್ ಕ್ಷಾರದ ನೀರಲ್ಲಿ, ಕತ್ತಲಲ್ಲೂ, ಗಾಳಿ ತಾಗಿದರೆ ತಾನೇ ಸವೆದು ಪೆರಾಕ್ಸೈಡ್ ಕೊಡುತ್ತದೆ. ಸಮುದ್ರದ ನೀರೂ ಸ್ವಲ್ಪ ಕ್ಷಾರವೇ. ತಾನು ಸವೆದುಹೋಗುವುದು ವೇಗವರ್ಧಕ ಅಲ್ಲ, ಸುಮ್ನೆ ಸೌದೆ. ಇನ್ನೊಂದು ಕಬ್ಬಿಣ. ಒಮ್ಮೆ ಹೊಸ ಬೋರ್‌ವೆಲ್ ನೀರು ಬಳಸಿ, ಥಾನುಗಟ್ಟಲೆ ಬಟ್ಟೆಗೆ ಸೂಜಿ ಚುಚ್ಚಿದ ಹಾಗೆ ತೂತು ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತುಕ್ಕಿನ ಕಣ ಕೂತಲ್ಲೆಲ್ಲ ಪೆರಾಕ್ಸೈಡ್ ಒಮ್ಮೆಗೇ ಒಡೆದು ನೂಲನ್ನೇ ತಿಂದಿತ್ತು. ಗಿಡದ ಪುಡಿಯಲ್ಲೂ ಕಬ್ಬಿಣ ಇರುತ್ತದೆ. ಆಮ್ಲದಲ್ಲಿ ತೊಳೆಯದೆ ಬಳಸಬೇಡಿ.

ಕಾಲೇಜಿನ ಮಕ್ಕಳು ಯಾರಾದರೂ ಇದನ್ನು ಮಾಡುವುದಾದರೆ, ಪೆರಾಕ್ಸೈಡ್ ಎಷ್ಟು ಬಂತೆಂದು ತಿಳಿಯಲು ಉಪ್ಪು ನೀರಲ್ಲಿ ಪರ್ಮಾಂಗನೇಟ್ ಅಳತೆ ನಂಬಬೇಡಿ. ಕ್ಲೋರೈಡೂ, ಚೊಗರೂ ಅದರ ಬಣ್ಣ ಕಳೆಯುತ್ತವೆ. ಟೈಟಾನಿಯಂ ದ್ರಾವಣ ಹಾಕಿ ಹಳದಿ ಬಣ್ಣ ನೋಡಿ. ಮತ್ತು ಅದೇ ನೀರು, ಅದೇ ಪುಡಿ ಹಾಕಿದ ಇನ್ನೊಂದು ಪಾತ್ರೆಯನ್ನು ಕತ್ತಲಲ್ಲಿ ಇಡಿ. ಬಿಸಿಲು ಕೊಟ್ಟದ್ದು ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ.