ಗುಜರಿ ಸಾಮಾನಿಗೆ ಹಳೆಯ ಕಳೆ: ಸವೆತ ಓದುವುದು ಹೇಗೆ

ಹಳೆ ಮನೆಯ ಹಿತ್ತಾಳೆ ಚಿಲಕವನ್ನು ಒಮ್ಮೆ ಹತ್ತಿರದಿಂದ ನೋಡಿ. ಹೆಬ್ಬೆರಳು ಬೀಳುವ ತುದಿ ಚಿನ್ನದ ಹಾಗೆ ಹೊಳೆಯುತ್ತಿರುತ್ತದೆ. ಸ್ಕ್ರೂ ಸುತ್ತ ಕಪ್ಪು ಕೂತಿರುತ್ತದೆ. ಮರಕ್ಕೆ ತಾಗಿದ ಅಂಚಿನಲ್ಲಿ, ಮಳೆಗಾಲದ ತೇವ ನಿಲ್ಲುವ ಕಡೆ, ಸಣ್ಣಗೆ ಹಸಿರು ಕಿಲುಬು. ಕೈ, ಕೊಳೆ, ನೀರು. ಮೂರೂ ತಮ್ಮ ತಮ್ಮ ಜಾಗದಲ್ಲಿ ಕೆಲಸ ಮಾಡಿವೆ.

ಈ ಟಿಪ್ಪಣಿಯೆಲ್ಲ ಆ ಚಿಲಕದ ಮೇಲೆಯೇ ನಿಂತಿದೆ. ಗುಜರಿ ಸಾಮಾನು ಜೋಡಿಸಿ ಹಳೆ ಕಾಲದ ಕಳೆ ಇರುವ ಗೋಡೆ ಅಲಂಕಾರ ಮಾಡುವುದನ್ನು ನಾನು ಒಂದೂವರೆ ವರ್ಷದಿಂದ ಕಲಿಯುತ್ತಿದ್ದೇನೆ. ಶುರುವಿನಲ್ಲಿ ಎಲ್ಲದಕ್ಕೂ ಒಂದೇ ಸಮ ಕಂದು ಬಣ್ಣ ಬಳಿಯುತ್ತಿದ್ದೆ. ವಸ್ತು ಬರೀ ಕೊಳಕಾಗಿ ಕಾಣುತ್ತಿತ್ತು. ಯಾಕೆ ಅಂತ ಗೊತ್ತಾಗಿದ್ದು ಬಣ್ಣದ ಡಬ್ಬಿ ಬದಿಗಿಟ್ಟು ನಿಜವಾದ ಹಳೆ ಸಾಮಾನು ನೋಡಲು ಕೂತಾಗ. ಕೈ ತಾಗುವ ಕಡೆ ಸವೆಯುತ್ತದೆ. ಕೈ ಹೋಗದ ಕಡೆ ಕೊಳೆ ಸೇರುತ್ತದೆ. ನೀರು ನಿಲ್ಲುವ ಕಡೆ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಬಣ್ಣ ಹಚ್ಚುವ ಮುಂಚೆ ಪ್ರತಿ ಸಲ ಈ ಮೂರು ಜಾಗ ಹುಡುಕಬೇಕು.

ಹೆಸರುಗಳ ಬಗ್ಗೆ ಎರಡು ಮಾತು. ಕಾಗದ, ಬಣ್ಣ, ಬಟ್ಟೆ, ಲೋಹ ಎಲ್ಲ ಒಂದೇ ಕೃತಿಯಲ್ಲಿ ಸೇರಿದರೆ ಅದು ಮಿಕ್ಸ್ಡ್ ಮೀಡಿಯಾ. ಸಿಕ್ಕ ವಸ್ತುಗಳನ್ನು ಉಬ್ಬು ತಗ್ಗು ಬರುವ ಹಾಗೆ ಜೋಡಿಸಿದರೆ ಅಸೆಂಬ್ಲಾಜ್. ನಾವು ಮಾಡುವುದು ಎರಡರ ನಡುವಿನ ಕೆಲಸ.

ಇದರ ಹಿಂದೆ ನೂರು ವರ್ಷಕ್ಕಿಂತ ಜಾಸ್ತಿ ಇತಿಹಾಸ ಇದೆ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್ ಕ್ಲಾತ್ ತುಂಡನ್ನು ಚಿತ್ರಕ್ಕೇ ಅಂಟಿಸಿ, ಸುತ್ತ ಹಗ್ಗದ ಕಟ್ಟು ಹಾಕಿದ. ಜರ್ಮನಿಯ ಹ್ಯಾನೋವರ್‌ನಲ್ಲಿ ಕುರ್ಟ್ ಶ್ವಿಟರ್ಸ್ 1919ರ ಹೊತ್ತಿಗೆ ಟಿಕೆಟ್, ತಂತಿ, ಮರದ ಚೂರು ಸೇರಿಸಿ ಚಿತ್ರ ಕಟ್ಟುತ್ತಿದ್ದ. ಅಚ್ಚಾದ ಕಾಗದದಲ್ಲಿದ್ದ 'ಕೊಮೆರ್ಜ್' ಅನ್ನುವ ಪದದಿಂದ ಕತ್ತರಿಸಿ ಉಳಿದ 'ಮೆರ್ಜ್' ಅನ್ನೋದನ್ನೇ ತನ್ನ ಕೆಲಸಕ್ಕೆ ಹೆಸರಿಟ್ಟ. ಆದರೆ ನಮ್ಮಂಥ ಕಲಿಯುವವರು ಮನಸ್ಸಿಟ್ಟು ನೋಡಬೇಕಾದವನು ನ್ಯೂಯಾರ್ಕಿನ ಜೋಸೆಫ್ ಕಾರ್ನೆಲ್ (1903–1972). ಹಳೆ ಪುಸ್ತಕದಂಗಡಿ, ಹಳೆ ಸಾಮಾನಿನ ಅಂಗಡಿಗಳಲ್ಲಿ ಸುತ್ತಿ ತಂದ ನಕ್ಷೆ, ಗಾಜಿನ ಲೋಟ, ಗೋಲಿ, ಹಕ್ಕಿಯ ಚಿತ್ರಗಳನ್ನು ಗಾಜು ಮುಚ್ಚಿದ ಮರದ ಪೆಟ್ಟಿಗೆಯೊಳಗೆ ಜೋಡಿಸುತ್ತಿದ್ದ. ಬಣ್ಣ ಬಿರುಕು ಬಿಡಲಿ ಅಂತ ಪೆಟ್ಟಿಗೆಗಳನ್ನು ಅಡುಗೆಮನೆಯ ಓವನ್‌ನಲ್ಲಿ ಇಡುತ್ತಿದ್ದ. ಮಳೆ ಬಿಸಿಲಿಗೆ ಹೊರಗೂ ಬಿಡುತ್ತಿದ್ದ. ಹವಾಮಾನದ ಕೈಯಿಂದಲೇ ಕೆಲಸ ಮಾಡಿಸಿದ, ಅಲ್ವಾ?

ನಮ್ಮ ಕಡೆಯ ಹಳೆ ಮನೆಗಳಲ್ಲೂ ಇದರ ನೆಂಟರು ಇದ್ದಾರೆ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ದೇವರ ಗೂಡಿಗೆ ಬಂದವು. ಎಷ್ಟೋ ಮನೆಗಳಲ್ಲಿ ಆ ಅಚ್ಚುಚಿತ್ರದ ಸೀರೆಯ ಮೇಲೆ ನಿಜವಾದ ಬಟ್ಟೆ, ಜರಿ, ಚಮಕಿ ಕೂರಿಸಿ ಕಟ್ಟು ಹಾಕಿಸುತ್ತಿದ್ದರು. ಕಾಗದ, ಬಟ್ಟೆ, ಲೋಹದ ಎಳೆ, ಗಾಜು. ಅದು ಮಿಕ್ಸ್ಡ್ ಮೀಡಿಯಾ ಅಲ್ಲದೆ ಮತ್ತೇನು? ಮೈಸೂರು ಚಿತ್ರಗಳಲ್ಲಿ ಒಡವೆ, ಕಂಬ, ಸೆರಗಿನ ಅಂಚುಗಳನ್ನು ಜೆಸ್ಸೋ ಅನ್ನುವ, ಪುಡಿಗೆ ಅಂಟು ಕಲಸಿದ ಸರಿಯಿಂದ ಉಬ್ಬಿಸಿ ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ನಾವು ಇವತ್ತು ಅಂಗಡಿಯಿಂದ ತರುವ ಜೆಸ್ಸೋ ಡಬ್ಬಿಯ ಹೆಸರೂ ಅದೇ, ಬುಡಕ್ಕೆ ಬಿಳಿ ಹಾಸುವ ಕೆಲಸವೂ ಹತ್ತಿರದ್ದೇ.

ಸಾಮಾನು ಆರಿಸುವಾಗ ನನ್ನದೊಂದು ನಿಯಮ ಇದೆ. ಚೆನ್ನಾಗಿ ಕೆಲಸ ಮಾಡುವ ಹಳೆ ವಸ್ತುವನ್ನು ಬಿಚ್ಚಬಾರದು. ಕೆಟ್ಟು ನಿಂತ ಟೈಂಪೀಸ್, ಬೀಗ ಕಳೆದ ಬೀಗದಕೈ, ಹೊಲಿಗೆ ಮೆಷಿನ್ನಿನ ಬಾಬಿನ್, ಸೋಡಾ ಬಾಟಲಿಯ ಗೋಲಿ, ಪಿಂಗಾಣಿ ಫ್ಯೂಸ್, ಕಳಚಿದ ಕೀಲು ಇಂಥವು ಸಾಕು. ಮನೆಯ ಹಳೆ ಫೋಟೊ, ಕಾಗದಪತ್ರಗಳ ಮೂಲಪ್ರತಿಗೆ ಮಾತ್ರ ಕತ್ತರಿ ಹಾಕಬೇಡಿ. ಜೆರಾಕ್ಸ್ ಮಾಡಿಸಿ ಅದನ್ನು ಬಳಸಿ.

ಇನ್ನೊಂದು ಎಚ್ಚರ. ಹಳೆ ಕಿಟಕಿ, ಬಾಗಿಲು, ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಪುಡಿ ಎಬ್ಬಿಸಬೇಡಿ. ಮಕ್ಕಳಿರುವ ಮನೆಯಾದರೆ ಅಂಥ ಸಾಮಾನು ಬಿಟ್ಟುಬಿಡಿ.

ಈಗ ನಾನು ಮಾಡಿದ ಒಂದು ಕೆಲಸ ಹೇಳುತ್ತೇನೆ. ಗುಜರಿಯಲ್ಲಿ ಒಂದು ಮರದ ಸಾಂಬಾರ ಡಬ್ಬಿ ಸಿಕ್ಕಿತು. ಆರು ಗೂಡು, ಜರುಗಿಸುವ ಮುಚ್ಚಳ. ನಿಲ್ಲಿಸಿ ಗೋಡೆಗೆ ತೂಗುಹಾಕಿದರೆ ಆರು ಪುಟ್ಟ ಕೋಣೆಗಳ ಮನೆ! ಆಸೆಯಿಂದ ಮೊದಲ ದಿನವೇ ಕಾಗದ ಅಂಟಿಸಿದೆ. ಮೂರನೇ ದಿನ ಎಲ್ಲ ಎದ್ದು ಬಂತು. ಎಷ್ಟೋ ವರ್ಷದ ಎಣ್ಣೆ, ಮೆಣಸಿನಪುಡಿ, ಜೀರಿಗೆಯ ಜಿಡ್ಡು ಮರದೊಳಗೆ ಇಳಿದಿತ್ತು. ಜಿಡ್ಡಿನ ಮೇಲೆ ಅಂಟು ಹಿಡಿಯುವುದಿಲ್ಲ.

ಬಟ್ಟೆ ಸೋಪಿನ ನೀರು ಮಾಡಿಕೊಂಡು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಆಗ ಒಂದು ಗೂಡು ಕಣ್ಣೆದುರೇ ಕೆಂಪಾಯಿತು. ಅರಿಶಿನದ ಗೂಡು ಅದು. ಸುಣ್ಣ ತಾಗಿದ ಅರಿಶಿನ ಓಕುಳಿಯ ಹಾಗೆ ಕೆಂಪಾಗುತ್ತದಲ್ಲ, ಸೋಪಿನ ಕ್ಷಾರಕ್ಕೂ ಹಾಗೇ ಆಗುತ್ತದೆ. ಬರೀ ನೀರಲ್ಲಿ ನಾಲ್ಕು ಸಲ ತೊಳೆದು, ಕೊನೆಗೆ ಎರಡು ಹನಿ ನಿಂಬೆರಸ ಹಾಕಿದ ನೀರಿನಲ್ಲಿ ಒರೆಸಿದ ಮೇಲೆ ಹಳದಿ ತಿರುಗಿ ಬಂತು. ಆ ಹಳದಿ ನನಗೆ ಬಹಳ ಇಷ್ಟ ಆಗಿ ಆ ಗೂಡಿಗೆ ಬಣ್ಣವೇ ಹಚ್ಚಲಿಲ್ಲ. ಡಬ್ಬಿಯನ್ನು ನೆರಳಲ್ಲಿ ಒಂದು ವಾರ ಒಣಗಿಸಿದೆ. ಬಿಸಿಲಿಗಿಟ್ಟರೆ ಮರ ಸೀಳುವ ಭಯ ಒಂದು ಕಡೆ. ಅರಿಶಿನದ ಬಣ್ಣ ಬಿಸಿಲಿಗೆ ಹಾರಿಹೋಗುವುದೂ ಗೊತ್ತೇ ಇದೆ.

ಉಳಿದ ಐದು ಗೂಡಿಗೆ ತೆಳ್ಳಗೆ ಜೆಸ್ಸೋ. ಅಂಗಡಿಯದ್ದು ದುಬಾರಿ ಅನಿಸಿದರೆ ಚಾಕ್ ಪುಡಿ, ಬಿಳಿ ಅಕ್ರಿಲಿಕ್ ಬಣ್ಣ, ಸ್ವಲ್ಪ ಫೆವಿಕಾಲ್, ಸ್ವಲ್ಪ ನೀರು ಕಲಸಿಕೊಳ್ಳಿ. ದೋಸೆ ಹಿಟ್ಟಿನ ಹದ ಇರಲಿ. ಇದು ನುಣುಪಾದ ಮೈಗೆ ಒರಟು ಕೊಡುತ್ತದೆ, ಮೇಲಿನ ಬಣ್ಣ ಹಿಡಿದುಕೊಳ್ಳುತ್ತದೆ.

ಒಂದು ಗೂಡಿನ ಹಿಂಬದಿಗೆ ಹಳೆ ಇನ್‌ಲ್ಯಾಂಡ್ ಲೆಟರಿನ ಅಕ್ಷರ ಇಳಿಸಿದೆ. ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಆಗಬೇಕು. ಇಂಕ್‌ಜೆಟ್ ಶಾಯಿ ಸಾಮಾನ್ಯವಾಗಿ ನೀರಿಗೆ ಕದಡುತ್ತದೆ. ಮರಕ್ಕೆ ಅಕ್ರಿಲಿಕ್ ಜೆಲ್ ಮೀಡಿಯಂ (ಬಣ್ಣ ಬೆರೆಸದ ಗಟ್ಟಿ ಅಕ್ರಿಲಿಕ್) ಹಚ್ಚಿ, ಪ್ರಿಂಟಿನ ಮುಖ ಕೆಳಗೆ ಮಾಡಿ ಒತ್ತಬೇಕು. ಒಂದು ರಾತ್ರಿ ಬಿಟ್ಟು, ಹಿಂಬದಿಗೆ ನೀರು ಸವರಿ, ಬೆರಳಿಂದ ಮೆಲ್ಲಗೆ ಉಜ್ಜುತ್ತಾ ಹೋದರೆ ಕಾಗದ ಉಂಡೆ ಉಂಡೆಯಾಗಿ ಬಿಟ್ಟು ಬರುತ್ತದೆ. ಅಕ್ಷರ ಮಾತ್ರ ಮರದಲ್ಲಿ ಉಳಿಯುತ್ತದೆ. ನನ್ನ ಮೊದಲ ಸಲ 'ಕ್ಷೇಮ' ಅನ್ನೋದು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿ ಬಂತು. ಪ್ರಿಂಟ್ ತೆಗೆಸುವಾಗಲೇ ಎಡ ಬಲ ತಿರುಗಿಸಿ ತೆಗೆಸಿಕೊಳ್ಳಿ.

ಬಿರುಕು ಬೇಕಾದ ಕಡೆ ಮೊದಲು ಕಡು ಬಣ್ಣ ಹಚ್ಚಿ ಪೂರ್ತಿ ಒಣಗಿಸಿ. ಮೇಲೆ ಫೆವಿಕಾಲ್ ಹಚ್ಚಿ. ಬೆರಳಿಗೆ ಅಂಟಂಟು ಅನಿಸುವ ಹೊತ್ತಿಗೆ ತಿಳಿ ಬಣ್ಣದ ಅಕ್ರಿಲಿಕ್ ಒಂದೇ ಎಳೆತದಲ್ಲಿ ಎಳೆಯಿರಿ. ಮತ್ತೆ ಅದೇ ಜಾಗದ ಮೇಲೆ ಬ್ರಷ್ ಆಡಿಸಿದರೆ ಬಿರುಕು ಮುಚ್ಚಿಹೋಗುತ್ತದೆ. ಅಂಟು ದಪ್ಪ ಇದ್ದರೆ ದೊಡ್ಡ ಬಿರುಕು, ತೆಳ್ಳಗಿದ್ದರೆ ಕೂದಲೆಳೆಯಂಥದು. ಇಲ್ಲೂ ಚಿಲಕ ನೆನಪಿಡಿ. ಹಳೆ ಬಾಗಿಲಿನಲ್ಲಿ ಬಿಸಿಲು ಬಡಿಯುವ ಕಡೆ ಬಿರುಕು ಜಾಸ್ತಿ, ಮೂಲೆಯಲ್ಲಿ ಕಡಿಮೆ. ಹಾಗೇ ಇರಲಿ.

ತುಕ್ಕು ನನಗೆ ತುಂಬಾ ಪಾಠ ಕಲಿಸಿದ ಭಾಗ. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು. ಉಪ್ಪು ಅದನ್ನು ಬೇಗ ಮಾಡಿಸುತ್ತದೆ. ಕಬ್ಬಿಣವನ್ನು ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ ತೆಗೆಯಿರಿ. ಆಮೇಲೆ ಒಂದು ಕಪ್ 3% ಹೈಡ್ರೋಜನ್ ಪೆರಾಕ್ಸೈಡ್‌ಗೆ ಎರಡು ದೊಡ್ಡ ಚಮಚ ವಿನೆಗರ್, ಮುಕ್ಕಾಲು ಚಿಕ್ಕ ಚಮಚ ಉಪ್ಪು ಹಾಕಿ ಸವರಿದರೆ ನೋಡನೋಡುತ್ತಲೇ ಕೆಂಪು ಏಳುತ್ತದೆ. ಈ ಕೆಲಸ ಬಯಲಲ್ಲೇ ಆಗಬೇಕು, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಬೇಕು. ಮಿಶ್ರಣವನ್ನು ಬಾಟಲಿಯಲ್ಲಿ ಮುಚ್ಚಿಡಲೇಬಾರದು, ಪ್ರತಿ ಸಲ ಹೊಸದಾಗಿ ಮಾಡಿ. ಬ್ಲೀಚ್ ಅಂತೂ ಹತ್ತಿರಕ್ಕೂ ತರಬೇಡಿ, ವಿನೆಗರ್ ಸೇರಿದರೆ ವಿಷಗಾಳಿ ಹೊರಡುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ ಎಷ್ಟು ಕಾದರೂ ತುಕ್ಕು ಹಿಡಿಯುವುದಿಲ್ಲ. ಕೊಳ್ಳುವ ಮುಂಚೆ ಜೇಬಿನಿಂದ ಅಯಸ್ಕಾಂತ ತೆಗೆದು ಹಿಡಿದು ನೋಡಿ, ಹಿತ್ತಾಳೆ, ಅಲ್ಯೂಮಿನಿಯಂ ಆದರೆ ಅಂಟುವುದಿಲ್ಲ. ಸಾಕಷ್ಟು ತುಕ್ಕಾದ ಮೇಲೆ ತೊಳೆದು, ಒಣಗಿಸಿ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹಚ್ಚಿ.

ಇಷ್ಟೆಲ್ಲ ಬೇಡ ಅಂದರೆ ಬಣ್ಣದ ತುಕ್ಕು ಇದೆ. ಕಂದು ಅಕ್ರಿಲಿಕ್‌ಗೆ ದಾಲ್ಚಿನ್ನಿ ಪುಡಿ ಬೆರೆಸಿ ಬ್ರಷ್‌ನಿಂದ ಕುಕ್ಕಿದರೆ ತುಕ್ಕಿನ ಒರಟುತನ ಬರುತ್ತದೆ. ಮೇಲೆ ಅಲ್ಲಲ್ಲಿ ಕೇಸರಿ. ಪ್ಲಾಸ್ಟಿಕ್ ಚಕ್ರ ಕೂಡ ಕಬ್ಬಿಣದ ಹಾಗೆ ಕಾಣುತ್ತದೆ.

ಕಾಗದಕ್ಕೆ ಚಹಾ ಡಿಕಾಕ್ಷನ್. ಚಹಾದ ಟ್ಯಾನಿನ್ ನಾರಿಗೆ ಹಿಡಿಯುತ್ತದೆ. ಹಸಿ ಕಾಗದದ ಮೇಲೆ ತುಕ್ಕು ಹಿಡಿದ ಮೊಳೆ ಇಟ್ಟು ರಾತ್ರಿ ಬಿಟ್ಟರೆ ಅದರ ಸುತ್ತ ನೀಲಿಗಪ್ಪು ಕಲೆ ಮೂಡುತ್ತದೆ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಕಪ್ಪು ಬಣ್ಣ ಮಾಡುತ್ತಿದ್ದುದೂ ಇದೇ ಗುಣದಿಂದ. ಮಳೆಗಾಲದಲ್ಲಿ ಮಾಡಿದರೆ ಚೆನ್ನಾಗಿ ಒಣಗದೆ ಬೂಷ್ಟು ಬರುತ್ತದೆ. ನನ್ನ ಒಂದು ಕಟ್ಟು ಹಾಗೇ ಹಾಳಾಯಿತು.

ಜೋಡಿಸಲು ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಸಾಕು. ಮರಕ್ಕೆ ಲೋಹ ಕೂರಿಸಲು ಎರಡು ಟ್ಯೂಬಿನ ಎಪಾಕ್ಸಿ ಬೇಕು. ತೂಕದ ಬೀಗದಂಥದಕ್ಕೆ ಅಂಟು ನಂಬಬೇಡಿ, ಹಿಂದಿನಿಂದ ತೂತು ಕೊರೆದು ತಂತಿ ಕಟ್ಟಿ.

ಎಲ್ಲ ಕೂತ ಮೇಲೆ ಬೇರೆ ಬೇರೆ ಸಾಮಾನನ್ನು ಒಂದೇ ಮನೆಯವರನ್ನಾಗಿ ಮಾಡುವುದು ಕೊನೆಯ ಎರಡು ಹೆಜ್ಜೆ. ನೀರಾದ ಕಪ್ಪು ಕಂದು ಬಣ್ಣ ಸಂದುಗಳಿಗೆ ಇಳಿಯಲು ಬಿಟ್ಟು, ಉಬ್ಬಿದ ಭಾಗವನ್ನು ತಕ್ಷಣ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ಬ್ರಷ್‌ಗೆ ಚೂರೇ ಚೂರು ಬಂಗಾರದ ಬಣ್ಣ ತಾಗಿಸಿ, ಹಳೆ ಪೇಪರಿನ ಮೇಲೆ ಉಜ್ಜಿ ಖಾಲಿ ಮಾಡಿ, ಅಂಚುಗಳಿಗೆ ಮಾತ್ರ ಸವರಿ. ಕಣ್ಣು ಮುಚ್ಚಿ ವಸ್ತುವನ್ನು ಹಿಡಿದುಕೊಳ್ಳಿ. ಬೆರಳು ಎಲ್ಲಿ ತಾಗಿತೋ ಅಲ್ಲೇ ಹೊಳಪು ಇರಬೇಕು.

ನನ್ನ ಡಬ್ಬಿಯಲ್ಲಿ ಈಗ ಒಂದು ಗೂಡಲ್ಲಿ ಟೈಂಪೀಸಿನ ಚಕ್ರ, ಒಂದರಲ್ಲಿ ಬಾಬಿನ್, ಒಂದರಲ್ಲಿ ಕ್ಷೇಮದ ಅಕ್ಷರದ ಮುಂದೆ ಹಸಿರು ಗೋಲಿ, ಇನ್ನೆರಡರಲ್ಲಿ ಬೀಗದಕೈ ಮತ್ತು ಪಿಂಗಾಣಿ ಫ್ಯೂಸ್ ಇವೆ. ಅರಿಶಿನದ ಗೂಡು ಖಾಲಿ. ಮುಚ್ಚಳದ ಕೆಲಸ ಬಾಕಿ ಇದೆ. ಅದರ ಒಂದು ತುದಿಯಲ್ಲಿ, ಯಾರೋ ದಿನಾ ಜರುಗಿಸಿ ಜರುಗಿಸಿ, ಹೆಬ್ಬೆರಳಿನಷ್ಟೇ ಅಗಲದ ನುಣುಪಾದ ತಗ್ಗು ಬಿದ್ದಿದೆ. ಅಲ್ಲಿಗೆ ನಾನು ಏನನ್ನೂ ಹಚ್ಚುವುದಿಲ್ಲ.