ಕಾರ್ಗೋ ಇನ್ಶೂರೆನ್ಸ್ ಅಂದರೆ ಲೋಡಿನ ವಿಮೆ

ಹೋದ ವಾರ ಮಂಡ್ಯದ ಬೆಲ್ಲದ ಮಾರ್ಕೆಟ್ಟಿನಲ್ಲಿ ಒಬ್ಬ ಲಾರಿ ಮಾಲೀಕರು ಪ್ಲಾಸ್ಟಿಕ್ ಕವರಿನಿಂದ ಪಾಲಿಸಿ ತೆಗೆದು ತೋರಿಸಿದರು. "ನೋಡಿ ಸಾರ್, ನಮ್ದು ಕಾರ್ಗೋ ಇನ್ಶೂರೆನ್ಸೇ ಐತೆ. ಲೋಡಿಗೆ ಏನಾದ್ರೂ ಆದ್ರೆ ಕಂಪನಿಯೋರು ಕೊಡ್ತಾರೆ." ಕಾಗದದ ಮೇಲ್ತುದಿಯಲ್ಲಿ 'ಗೂಡ್ಸ್ ಕ್ಯಾರಿಯಿಂಗ್ ವೆಹಿಕಲ್ ಪ್ಯಾಕೇಜ್ ಪಾಲಿಸಿ' ಅಂತ ಅಚ್ಚಾಗಿತ್ತು. ಆ 'ಗೂಡ್ಸ್' ಅನ್ನುವ ಪದವೇ ಅವರಿಗೆ ಧೈರ್ಯ. ಇದೇ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕ ಇಲ್ಲ.

ಆ ಹೆಸರಿನ ಅರ್ಥ ಇಷ್ಟೇ: ಸರಕು ಹೊರುವ ಗಾಡಿಯ ಪಾಲಿಸಿ. ವಿಮೆ ಗಾಡಿಗೆ. ಅದರಲ್ಲಿರುವ ಐಡಿವಿ ಅನ್ನುವ ಮೊತ್ತ ಲಾರಿಯ ಬೆಲೆ. ಬೆಲ್ಲದ ಬೆಲೆ ಬರೆಯುವ ಕಾಲಂ ಆ ಕಾಗದದಲ್ಲಿ ಇಲ್ಲ. ಪುಟ ತಿರುವಿ ಇಬ್ಬರೂ ಹುಡುಕಿದೆವು.

'ಕಾರ್ಗೋ' ಸ್ಪ್ಯಾನಿಷ್‌ನಿಂದ ಬಂದ ಪದ. ಅಲ್ಲಿ 'ಕಾರ್ಗಾರ್' ಅಂದರೆ ಹೇರುವುದು. ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ 'ಕಾರ್ರುಸ್' ಸಿಗುತ್ತದೆ, ಅಂದರೆ ಬಂಡಿ. ನಾವು ಓಡಿಸುವ 'ಕಾರ್' ಕೂಡ ಅದೇ ಮನೆಯದು. ಅಂದರೆ ಪದ ಬಂಡಿಯಿಂದಲೇ ಹುಟ್ಟಿತು, ಆದರೆ ಬಂಡಿಯಿಂದ ಇಳಿದು ಅದರ ಮೇಲೆ ಹೇರಿದ ಮಾಲಿಗೆ ಅಂಟಿಕೊಂಡಿತು. ಕನ್ನಡದಲ್ಲಿ ಇದಕ್ಕೆ ಸರಿಯಾದ ಜೋಡಿ 'ಹೇರು'. ಮಾಡುವ ಕೆಲಸವೂ ಹೇರು, ಹೊತ್ತದ್ದೂ ಹೇರು. 'ಒಂದು ಹೇರು ಸೌದೆ' ಅಂದಾಗ ಯಾರೂ ಎತ್ತಿನಗಾಡಿಯನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ, ಅಲ್ವಾ? ಕಾರ್ಗೋ ವಿಮೆಯೂ ಹಾಗೇ, ಹೇರಿನ ವಿಮೆ.

ಇನ್ನೊಂದು ಪದವೂ ಜನರನ್ನು ದಾರಿ ತಪ್ಪಿಸುತ್ತದೆ. ರಸ್ತೆಯಲ್ಲಿ ಹೋಗುವ ಸರಕಿನ ವಿಮೆಯನ್ನೂ ಕಂಪನಿಗಳು 'ಮೆರೈನ್' ವಿಭಾಗದಲ್ಲೇ ಕೊಡುತ್ತವೆ. ಸಾಗಣೆ ವಿಮೆ ಬೆಳೆದದ್ದು ಹಡಗಿನ ವ್ಯಾಪಾರದಲ್ಲಿ, ಹೆಸರು ಅಲ್ಲೇ ಉಳಿಯಿತು. ಮಂಡ್ಯದಿಂದ ಬೆಂಗಳೂರಿಗೆ ಹೋಗುವ ಬೆಲ್ಲಕ್ಕೂ ಕೇಳಬೇಕಾದದ್ದು 'ಮೆರೈನ್ ಇನ್‌ಲ್ಯಾಂಡ್ ಟ್ರಾನ್ಸಿಟ್' ಪಾಲಿಸಿಯನ್ನೇ.

"ಮಾಲು ಬೇರೆಯವರದ್ದು, ಹಾಗಾದ್ರೆ ಅವರು ಥರ್ಡ್ ಪಾರ್ಟಿ ಅಲ್ವಾ?" ಅಂತ ಕೇಳುತ್ತಾರೆ. ಥರ್ಡ್ ಪಾರ್ಟಿ ಅಂದರೆ ಗಾಡಿಯಿಂದ ನಷ್ಟವಾದ ಹೊರಗಿನವರು, ಅವರಿಗೆ ಲಾರಿ ವಿಮೆ ಹಣ ಕೊಡುತ್ತದೆ. ಪ್ರಶ್ನೆ ಸರಿಯಾಗಿಯೇ ಇದೆ, ಉತ್ತರ ಮಾತ್ರ 'ಅಲ್ಲ' ಅಂತ. ಲಾರಿ ಮಾಲೀಕರ ವಶದಲ್ಲಿ ಇರುವ ಆಸ್ತಿಯನ್ನು ಮೋಟಾರ್ ಪಾಲಿಸಿ ಥರ್ಡ್ ಪಾರ್ಟಿಯಿಂದ ಹೊರಗೆ ಇಟ್ಟಿದೆ. 1994ರ ತಿದ್ದುಪಡಿಯಿಂದ ಮೋಟಾರ್ ವಾಹನ ಕಾಯ್ದೆಯಲ್ಲಿ ಸರಕಿನ ಮಾಲೀಕರ ಜೀವಕ್ಕೆ ರಕ್ಷಣೆ ಸಿಕ್ಕಿದೆ. ಬೆಲ್ಲದ ಜೊತೆ ಕ್ಯಾಬಿನ್ನಿನಲ್ಲಿ ಕೂತ ವ್ಯಾಪಾರಿಗೆ ಪೆಟ್ಟಾದರೆ ಲಾರಿ ವಿಮೆ ಬರುತ್ತದೆ. ಹಿಂದೆ ಇರುವ ಅವರ ಬೆಲ್ಲಕ್ಕೆ ಬರುವುದಿಲ್ಲ.

ಲೋಡಿನ ಪಾಲಿಸಿ ಮಾಡಿಸಿದ ಮೇಲೂ ಓದುವುದು ಇದೆ. ಎ, ಬಿ, ಸಿ ಅಂತ ಮೂರು ಕ್ಲಾಜು, ಅಂದರೆ ಷರತ್ತಿನ ಪಟ್ಟಿ. ಸಿ ಬರೀ ಬೆಂಕಿ ಮತ್ತು ಸಿಡಿಲಿಗೆ. ಬಿಯಲ್ಲಿ ಡಿಕ್ಕಿ, ಲಾರಿ ಪಲ್ಟಿ, ಸೇತುವೆ ಕುಸಿತ ಸೇರುತ್ತವೆ. ಕಳ್ಳತನ, ಮಳೆನೀರು ಎರಡೂ ಬೇಕಾದರೆ ಎ. ಟಾರ್ಪಾಲ್ ತೂತಿನಿಂದ ನೀರು ಇಳಿದು ಅಚ್ಚು ಬೆಲ್ಲ ಪಾಕವಾದರೆ ಬಿ ಪಾಲಿಸಿ ಹಿಡಿದುಕೊಂಡು ಏನೂ ಪ್ರಯೋಜನ ಇಲ್ಲ. ಎ ಇದ್ದರೂ ಎಲ್ಲಕ್ಕೂ ಇಲ್ಲ. ಮಳೆ ಬೀಳದೆ, ಬರೀ ಹವೆಯ ತೇವಕ್ಕೆ ಬೆಲ್ಲ ತಾನಾಗಿ ನೀರೊಡೆದರೆ ಅದು ಸರಕಿನ ಸ್ವಂತ ಗುಣ, ಹಣ ಸಿಗುವುದಿಲ್ಲ. ತಡವಾಗಿ ಕೆಟ್ಟದ್ದಕ್ಕೂ ಇಲ್ಲ. ಮೈಸೂರಿನಿಂದ ಕೇರಳಕ್ಕೆ ಹೊರಟ ಟೊಮೆಟೊ ಲೋಡು ಬಂಡೀಪುರದ ಗೇಟಿಗೆ ರಾತ್ರಿ 9 ದಾಟಿ ಬಂದರೆ ಬೆಳಗ್ಗೆ 6ರ ತನಕ ನಿಲ್ಲಬೇಕು. ಆ ತಡಕ್ಕೆ ಹಣ್ಣು ಕೊಳೆತರೆ ನಷ್ಟ ನಿಮ್ಮದೇ.

ಎಲ್‌ಆರ್ (ಲಾರಿ ರಿಸೀಟ್, ಅಂದರೆ ಮಾಲು ಬುಕ್ ಮಾಡಿದಾಗ ಕೊಡುವ ರಸೀದಿ) ಮೇಲೆ 'ಓನರ್ಸ್ ರಿಸ್ಕ್' ಅಂತ ಇರುತ್ತದೆ. ನಮ್ಮ ಕಡೆ ಓನರ್ ಅಂದರೆ ಲಾರಿ ಓನರ್ರೇ. ಹಾಗಾಗಿ ಮಾಲಿನ ಪಾರ್ಟಿಯವರು 'ಎಲ್ಲಾ ಲಾರಿಯವರ ಜವಾಬ್ದಾರಿ' ಅಂದುಕೊಂಡು ಸಹಿ ಹಾಕುತ್ತಾರೆ. ಅಲ್ಲಿನ ಓನರ್ ಮಾಲಿನ ಓನರ್, ಅಂದರೆ ಸಹಿ ಹಾಕಿದವರೇ. ಹಾಗಂತ ಲಾರಿಯವರು ಕೈ ತೊಳೆದುಕೊಳ್ಳಲೂ ಆಗುವುದಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಎಲ್‌ಆರ್ ಕೊಡುವ ಟ್ರಾನ್ಸ್‌ಪೋರ್ಟ್‌ನವರಿಗೆ ಹೊಣೆ ಇದೆ. ಹೆಚ್ಚಿನ ಬೆಲೆ ಘೋಷಿಸಿ ಹೆಚ್ಚಿನ ದರ ಕೊಡದಿದ್ದರೆ ಆ ಹೊಣೆಯ ಮಿತಿ ಬಾಡಿಗೆಯ 10 ಪಟ್ಟು. ಬಾಡಿಗೆ 12,000 ಅಂತ ಇಟ್ಟುಕೊಳ್ಳಿ, ಮಿತಿ 1,20,000. ಹತ್ತು ಟನ್ ಬೆಲ್ಲ, ಕೇಜಿಗೆ 45 ರೂಪಾಯಿ ಹಿಡಿದರೂ ನಾಲ್ಕೂವರೆ ಲಕ್ಷ. ಈ ನಡುವಿನ ಹಣಕ್ಕೆ ಮಾಲಿನವರು ಟ್ರಾನ್ಸಿಟ್ ಪಾಲಿಸಿ ಮಾಡಿಸಬೇಕು.

ಲಾರಿಯವರಿಗೆ ಬೇಕಾದದ್ದು ಬೇರೆ: 'ಕ್ಯಾರಿಯರ್ಸ್ ಲೀಗಲ್ ಲಯಬಿಲಿಟಿ', ಅಂದರೆ ಮಾಲು ಸಾಗಿಸುವವರ ಕಾನೂನಿನ ಹೊಣೆಗೆ ವಿಮೆ. "ಪಾರ್ಟಿಯವರ ಹತ್ರ ಪಾಲಿಸಿ ಐತಲ್ಲ, ನನಗ್ಯಾಕೆ?" ಅಂದರು ಆ ಮಾಲೀಕರು. ವಿಮಾ ಕಂಪನಿ ಪಾರ್ಟಿಗೆ ಹಣ ಕೊಟ್ಟ ಮೇಲೆ ಪಾರ್ಟಿಯ ಹಕ್ಕು ಕಂಪನಿಯ ಕೈಗೆ ಬರುತ್ತದೆ. ಅದಕ್ಕೆ ಸಬ್ರೊಗೇಷನ್ ಅನ್ನುತ್ತಾರೆ. ಆಮೇಲೆ ನೋಟಿಸು ಬರುವುದು ಲಾರಿಯವರ ಮನೆ ಬಾಗಿಲಿಗೇ. ಬುಕಿಂಗ್ ಆದ ದಿನದಿಂದ 180 ದಿನದ ಒಳಗೆ ಆ ನೋಟಿಸು ಯಾವಾಗ ಬೇಕಾದರೂ ಬರಬಹುದು ಅಂದಾಗ ಅವರು ಪಾಲಿಸಿಯನ್ನು ಮತ್ತೆ ಕವರಿಗೆ ಹಾಕಿ, ಏಜೆಂಟರ ನಂಬರು ಹುಡುಕಲು ಶುರು ಮಾಡಿದರು.