‘ಬರೀ ಒಂದು ಕ್ವಾರ್ಟರ್’ ಅಂದ್ರೆ ಎಷ್ಟು?

ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ. ‘ಬರೀ ಒಂದು ಕ್ವಾರ್ಟರ್ ಡಾಕ್ಟ್ರೇ, ಜಾಸ್ತಿ ಏನಿಲ್ಲ.’ ಪಕ್ಕದಲ್ಲಿ ಕೂತ ಹೆಂಡತಿಯೂ ಹೌದು ಅನ್ನುತ್ತಾರೆ. ಕಾಲು ಭಾಗ ತಾನೇ, ಕಮ್ಮಿನೇ ಇರಬೇಕು ಅನ್ನೋ ನಂಬಿಕೆ. ಮನೋವೈದ್ಯನಾದ ನನಗೆ ತಾಳ್ಮೆ ಕೆಡುವುದು ಇಲ್ಲೇ.

ಯಾವುದರ ಕಾಲು? 750 ಮಿ.ಲೀ. ಫುಲ್ ಬಾಟಲಿಯ ಕಾಲು. ಆ ಫುಲ್ ಕೂಡ ಬ್ರಿಟಿಷರ ಗ್ಯಾಲನ್ನಿನ ಆರನೇ ಒಂದು ಭಾಗಕ್ಕೆ ಹತ್ತಿರದ ಅಳತೆ. ಹಾಫ್ 375. ಕ್ವಾರ್ಟರ್ ಲೆಕ್ಕಕ್ಕೆ 187.5 ಆಗಬೇಕು, ನಮ್ಮಲ್ಲಿ 180. ಅದರರ್ಧ ನೈಂಟಿ. ಮನುಷ್ಯ ಎಷ್ಟು ತಡೆದುಕೊಳ್ಳುತ್ತಾನೆ ಎಂದು ನೋಡಿ ಮಾಡಿದ ಅಳತೆ ಇವಲ್ಲ.

ಲೆಕ್ಕ ಹಾಕಿ. ನಮ್ಮ ವಿಸ್ಕಿ, ಬ್ರಾಂದಿ, ರಮ್ಮಿನ ಲೇಬಲ್ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. 180 ಮಿ.ಲೀ.ಯಲ್ಲಿ ಸುಮಾರು 77 ಮಿ.ಲೀ. ಶುದ್ಧ ಆಲ್ಕೋಹಾಲ್. ಅದು ನೀರಿಗಿಂತ ಹಗುರ, ಹಾಗಾಗಿ ತೂಕದಲ್ಲಿ ಸುಮಾರು 60 ಗ್ರಾಂ. ನಾವು 10 ಗ್ರಾಂ ಅನ್ನು ಒಂದು ಡ್ರಿಂಕ್ ಎಂದು ಎಣಿಸುತ್ತೇವೆ. 30 ಮಿ.ಲೀ. ಸ್ಮಾಲ್ ಒಂದು ಡ್ರಿಂಕ್. ಹಾಗಾದರೆ ಕ್ವಾರ್ಟರ್ ಆರು ಡ್ರಿಂಕ್! 5% ಬಿಯರ್ ಆದರೆ 650 ಮಿ.ಲೀ.ಯ ದೊಡ್ಡ ಬಾಟಲಿ ಎರಡಕ್ಕಿಂತ ಜಾಸ್ತಿ. ಎರಡು ಬಾಟಲಿ ಬಿಯರ್ ಕುಡಿದವರನ್ನು ‘ತುಂಬಾ ಕುಡೀತಾರೆ’ ಅನ್ನುವ ಮನೆಯವರೇ ಕ್ವಾರ್ಟರ್‌ಗೆ ಸುಮ್ಮನಿರುತ್ತಾರೆ. ಸೋಡಾ ಎಷ್ಟು ಬೆರೆಸಿದರೂ, ನಾಲ್ಕು ಗಂಟೆ ಕೂತು ಕುಡಿದರೂ ಆ 60 ಗ್ರಾಂ 60 ಗ್ರಾಮೇ.

ಒಮ್ಮೆ ಹರ್ನಿಯಾ ಆಪರೇಷನ್ ಆದ ರೈತರೊಬ್ಬರನ್ನು ನೋಡಲು ಸರ್ಜರಿ ವಾರ್ಡಿಗೆ ಕರೆದರು. ಅಡ್ಮಿಟ್ ಆಗಿ ಮೂರನೇ ದಿನ. ಕೈ ನಡುಕ, ಮೈಯೆಲ್ಲ ಬೆವರು. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಿದ್ದರು. ಮಗನ ಗುರುತೇ ಸಿಗಲಿಲ್ಲ. ಕೇಸ್ ಶೀಟಿನಲ್ಲಿ ‘ಆಗಾಗ ಕ್ವಾರ್ಟರ್’ ಎಂದಿತ್ತು. ಹೆಂಡತಿಯನ್ನು ಹೊರಗೆ ಕೂರಿಸಿಕೊಂಡು ಕೇಳಿದೆ. ‘ಬೆಳಿಗ್ಗೆ ಗದ್ದೆಗೆ ಹೋಗೋ ಮುಂಚೆ ನೈಂಟಿ, ರಾತ್ರಿ ಕ್ವಾರ್ಟರ್. ಅಷ್ಟೇ ಸಾರ್’ ಅಂದರು ಆ ತಾಯಿ. ಮುಚ್ಚಿಡುವ ಉದ್ದೇಶ ಅವರಿಗಿರಲಿಲ್ಲ. ಅದು ದಿನಕ್ಕೆ ಒಂಬತ್ತು ಡ್ರಿಂಕ್ ಅಂತ ಯಾರೂ ಹೇಳಿರಲಿಲ್ಲ ಅಷ್ಟೇ. ಅಡ್ಮಿಟ್ ಆದ ಮೇಲೆ ಆ ಕುಡಿತ ಒಮ್ಮೆಲೇ ನಿಂತಿದ್ದಕ್ಕೇ ಈ ನಡುಕ, ಗೊಂದಲ. ಔಷಧಿ, ವಿಟಮಿನ್ ಬಿ1 ಕೊಟ್ಟೆವು. ಚೇತರಿಸಿಕೊಂಡರು.

ಕ್ವಾರ್ಟರ್ ಕುಡಿಯುವ ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ. ವಯಸ್ಸು, ತೂಕ, ಲಿವರ್ ಸ್ಥಿತಿ, ಎಷ್ಟು ವರ್ಷದ ಅಭ್ಯಾಸ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಆದರೆ ದಿನಾ ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು. ಬಿಡಿಸುತ್ತೇವೆ ಎಂದು ಕೋಣೆಯಲ್ಲಿ ಕೂಡಿಹಾಕಬೇಡಿ, ದಯವಿಟ್ಟು. ಡಾಕ್ಟರ್ ನೋಡಿಕೊಂಡು ಬಿಡಿಸಬೇಕು.

ಯಾವುದೇ ಆಪರೇಷನ್‌ಗೆ ಮುಂಚೆ ದಿನಕ್ಕೆ ಎಷ್ಟು ಮಿ.ಲೀ., ಎಷ್ಟು ಸಲ, ಕೊನೆಯ ಸಲ ಕುಡಿದಿದ್ದು ಯಾವಾಗ ಎಂದು ಹೇಳಿ. ಲೆಕ್ಕ ಗೊತ್ತಾಗದಿದ್ದರೆ ಖಾಲಿ ಬಾಟಲಿಯನ್ನೋ ಟೆಟ್ರಾ ಪ್ಯಾಕನ್ನೋ ಚೀಲದಲ್ಲಿ ಹಾಕಿಕೊಂಡು ಬನ್ನಿ. ಬೈಯುವುದಿಲ್ಲ. ಎಷ್ಟು ಔಷಧಿ ಕೊಡಬೇಕು ಎಂದು ನಮಗೆ ಗೊತ್ತಾಗಬೇಕು.